ಚರ್ಮ ಬಿಡಿಸುವ ಚೂರಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಲೆನಾಡಿನ ಶಿಕಾರಿ ಚೂರಿಗೆ ಕೆಲಸ ಉಳಿದದ್ದು ಕುರಿ, ಮೇಕೆ, ಸಾಕುಹಂದಿಗಳ ಮೇಲೆ. ಉಳಿಯಬೇಕಾದ್ದೂ ಅಷ್ಟೇ. ಒಳ್ಳೆಯ ಚೂರಿಯ ಲಕ್ಷಣ ಮಾತ್ರ ಬದಲಾಗಿಲ್ಲ. ನಾಲ್ಕು ಇಂಚಿನ ಅಲಗು ಸಾಕು. ಉದ್ದದ್ದು ನೋಡಲು ಚೆಂದ, ಆದರೆ ಹೊಟ್ಟೆ ಸೀಳುವಾಗ ಕರುಳಿಗೆ ತಾಗಿ ಮಾಂಸ ಕೆಡಿಸುತ್ತದೆ. ತುದಿ ತುಸು ತಗ್ಗಿ, ಬಾಯಿ ಉಬ್ಬಿ ಬಾಗಿದ್ದರೆ ಚರ್ಮ ತೂತಾಗದೆ ಸುಲಿದು ಬರುತ್ತದೆ.

ಇನ್ನು ಅಲಗಿನ ಉಕ್ಕಿನ ಮಾತು. ಭದ್ರಾವತಿಯ ನ್ಯೂ ಟೌನ್ ಕಬ್ಬಿಣ-ಉಕ್ಕಿನ ಕಾರ್ಖಾನೆಯ ಜನರ ಬಡಾವಣೆ. ಆ ಕಾರ್ಖಾನೆಯಲ್ಲಿ 1923ರಲ್ಲೇ ಕಬ್ಬಿಣ ಕರಗತೊಡಗಿತ್ತು. ಅಂಥವರ ಮುಂದೆ ಉಕ್ಕಿನ ಮಾತಾಡಲು ಧೈರ್ಯ ಬೇಕು. ಆದರೂ ಹೇಳುತ್ತೇನೆ: ಹೊಳೆಯುವ ಸ್ಟೇನ್‌ಲೆಸ್ ಸ್ಟೀಲಿಗಿಂತ ಹಳೇ ಲಾರಿಯ ಕಮಾನು ಪಟ್ಟಿಯಿಂದ ಕುಲುಮೆಯಲ್ಲಿ ಬಡಿದದ್ದೇ ಮೇಲು. ಸಾಣೆಗೆ ಬೇಗ ಒಗ್ಗುತ್ತದೆ. ಕೆಂಪಗೆ ಕಾದ ಅಲಗಿಗೆ ಅಯಸ್ಕಾಂತ ಅಂಟದಾದಾಗ ಎಣ್ಣೆಗೆ ಅದ್ದಬೇಕು. ಅಷ್ಟಕ್ಕೇ ಬಿಟ್ಟರೆ ಗಾಜಿನಂತೆ ಒಡೆದೀತು. ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ, ತಿಳಿಹಳದಿ ಬಣ್ಣ ಮೂಡುವವರೆಗೆ ಕಾಯಿಸಿದರೆ ಹದ ಕೂರುತ್ತದೆ.

ಇದಕ್ಕೆ ತುಕ್ಕು ಹಿಡಿಯುತ್ತದೆ, ನಿಜ, ಮಳೆಗಾಲದಲ್ಲಂತೂ ಬೆಳಗಾಗುವುದರೊಳಗೆ. ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿ. ಚರ್ಮದ ಒರೆಯೊಳಗೆ ಮಾತ್ರ ತಿಂಗಳುಗಟ್ಟಲೆ ಇಡಬೇಡಿ, ಅದು ತೇವ ಹಿಡಿದಿಡುತ್ತದೆ.