ರಾಮಧಾನ್ಯಚರಿತ್ರೆಯ ತೀರ್ಪು ಮತ್ತು ಡಿಕ್ರಿಯ ಜಾರಿ

ಕಾಗಿನೆಲೆಯ ಕನಕದಾಸರ ‘ರಾಮಧಾನ್ಯಚರಿತ್ರೆ’ಯನ್ನು ಮೇಲುಕೀಳುಗಳ ವಿಡಂಬನೆಯೆಂದು ವಿಮರ್ಶಕರು ವಿವೇಚಿಸಿರುವುದು ಸಾಧುವೇ ಸರಿ. ಆದರೆ ಅದು ಒಂದು ವ್ಯಾಜ್ಯದ ಕಥೆಯೂ ಅಹುದು. ನರೆದಲೆಗ ಮತ್ತು ವ್ರೀಹಿಗಳ ವಾದ ರಾಮನ ಮುಂದೆ ಬರುತ್ತದೆ. ಆತನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ವ್ರೀಹಿ ಕಳೆಗುಂದಿರುತ್ತದೆ, ನರೆದಲೆಗ ಗಟ್ಟಿಯಾಗಿ ಉಳಿದಿರುತ್ತದೆ. ಗೆದ್ದುದಕ್ಕೆ ರಾಮನು ರಾಘವನೆಂಬ ತನ್ನ ಹೆಸರನ್ನೇ ಕೊಡುತ್ತಾನೆ. ಇದನ್ನು ನ್ಯಾಯದಾನದ ಆದರ್ಶವೆಂದು ಎಷ್ಟರ ಮಟ್ಟಿಗೆ ಒಪ್ಪಬಹುದೆಂಬುದೇ ಪ್ರಕೃತ ವಿಚಾರ.

ಕಾಗಿನೆಲೆಗೆ ಸಮೀಪದ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಬ್ಬಾತನು ಮಳಿಗೆಯ ಬಾಡಿಗೆಯನ್ನು ಬಾಕಿ ಉಳಿಸಿ ಊರು ಬಿಟ್ಟನೆಂದು ಭಾವಿಸೋಣ. ಮಾಲೀಕಳು ದಾವೆ ಹೂಡಿ ಡಿಕ್ರಿ ಪಡೆಯುತ್ತಾಳೆ. ಕಾವ್ಯ ಇಲ್ಲಿಗೆ ಮುಗಿಯುವುದು. ಆಕೆಯ ಕಥೆ ಇಲ್ಲಿಂದ ಮೊದಲಾಗುವುದು. ಭಾರತದಲ್ಲಿ ವ್ಯಾಜ್ಯಗಾರನ ಕಷ್ಟ ಡಿಕ್ರಿ ದೊರೆತ ಮೇಲೆಯೇ ಆರಂಭವಾಗುವುದೆಂದು ಪ್ರಿವಿ ಕೌನ್ಸಿಲ್ 1872ರಲ್ಲಿಯೇ ಹೇಳಿದ್ದಿತು. 1908ರ ಕಾಲಮಿತಿ ಕಾಯಿದೆಯಂತೆ ಸಾಮಾನ್ಯ ಡಿಕ್ರಿಗೆ 3 ವರ್ಷಗಳ ಅವಧಿ. ಅಷ್ಟರೊಳಗೆ ದರಖಾಸ್ತು ಸಲ್ಲಿಸುತ್ತ ಅದನ್ನು ಜೀವಂತವಾಗಿ ಇರಿಸಿಕೊಳ್ಳಬೇಕಾಗಿದ್ದಿತು. 1963ರ ಕಾಯಿದೆ 1964ರ ಜನವರಿ 1ರಂದು ಜಾರಿಗೆ ಬಂದು ಈ ನವೀಕರಣದ ಕ್ಲೇಶವನ್ನು ತಪ್ಪಿಸಿತು. ಡಿಕ್ರಿ ಜಾರಿಗೆ ಅರ್ಹವಾದಂದಿನಿಂದ 12 ವರ್ಷಗಳ ಒಂದೇ ಅವಧಿಯನ್ನು ವಿಧಿಸಿತು. ಆದರೆ ಋಣಿಯನ್ನು ಹುಡುಕುವ, ಅವನ ಆಸ್ತಿಯನ್ನು ತೋರಿಸಿಕೊಡುವ ಭಾರ ಇಂದಿಗೂ ಬಹುಮಟ್ಟಿಗೆ ಡಿಕ್ರಿದಾರಳದೇ. ಆತನು ಬೇರೆ ಜಿಲ್ಲೆಗೆ ಹೋಗಿ ನೆಲೆಸಿದ್ದರೆ ಡಿಕ್ರಿಯನ್ನು ಅಲ್ಲಿಯ ನ್ಯಾಯಾಲಯಕ್ಕೆ ವರ್ಗಾಯಿಸಿಕೊಳ್ಳಬೇಕು.

ಇಲ್ಲಿ ಕಾಲದ ವರ್ತನೆ ಗಮನಾರ್ಹವಾದುದು. ಕಾವ್ಯದಲ್ಲಿ ಆರು ತಿಂಗಳು ತೀರ್ಪಿಗೆ ಮುಂಚೆ ಬಂದು ಸತ್ಯಕ್ಕೆ ಸಾಕ್ಷಿಯಾಗುತ್ತದೆ. ನ್ಯಾಯಾಲಯದಲ್ಲಿ ಕಾಲವು ತೀರ್ಪಿನ ಅನಂತರ ಬಂದು ಸೋತವನಿಗೆ ಆಶ್ರಯವಾಗುತ್ತದೆ. ಜಾರಿಯ ಅರ್ಜಿಯನ್ನು ಆರು ತಿಂಗಳೊಳಗೆ ವಿಲೆ ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ, ಕರ್ನಾಟಕದಿಂದಲೇ ಹೋದ ಮೇಲ್ಮನವಿಯೊಂದರಲ್ಲಿ ಆದೇಶಿಸಬೇಕಾಯಿತು.

ಈ ಭೇದಕ್ಕೆ ಕಾರಣ ಸ್ಪಷ್ಟವಾಗಿದೆ. ನರೆದಲೆಗ ಬೇಡಿದ್ದು ಮಾನವನ್ನು. ಮಾನವು ನುಡಿದ ಮಾತ್ರಕ್ಕೆ ಸಂದಾಯವಾಗುತ್ತದೆ. ಬಾಡಿಗೆ ಹಾಗಲ್ಲ, ಅದನ್ನು ಇನ್ನೊಬ್ಬನ ಕೈಯಿಂದ ಬಿಡಿಸಬೇಕು. ಆ ಕೈ ಬರಿದಾಗಿದ್ದರೆ ಕಾನೂನೂ ತಡೆಯುತ್ತದೆ: ಕಸುಬಿನ ಉಪಕರಣಗಳನ್ನು, ಕೃಷಿಕನ ಮನೆಯನ್ನು ಜಪ್ತಿ ಮಾಡುವಂತಿಲ್ಲ, ನಿಜವಾಗಿ ಕೊಡಲಾರದವನನ್ನು ಸಾಲಕ್ಕಾಗಿ ಸೆರೆಗೆ ಹಾಕಬಾರದೆಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಇದು ಯುಕ್ತವಾದ ಕರುಣೆ. ಆದರೆ ಇಲ್ಲದವನಿಗೆ ಮೀಸಲಾದ ಈ ರಕ್ಷೆಯ ಮರೆಯಲ್ಲಿ ಇದ್ದವನೂ ಅಡಗಬಲ್ಲನು.

ಆದುದರಿಂದ ರಾಮಧಾನ್ಯಚರಿತ್ರೆಯನ್ನು ನ್ಯಾಯದ ಪೂರ್ಣ ಪ್ರತಿಮೆಯೆಂದು ಕೊಂಡಾಡುವುದು ಅತಿಶಯೋಕ್ತಿ. ಅದು ನಿರ್ಣಯದ ಕಾವ್ಯ, ವಸೂಲಿಯದಲ್ಲ. ಆದರೂ ಒಂದು ಮಾತನ್ನು ಅದು ಸೂಚಿಸುತ್ತದೆ: ರಾಮನು ತೀರ್ಪನ್ನು ನುಡಿದು ಫಲವನ್ನು ನರೆದಲೆಗವೇ ಹುಡುಕಿಕೊಳ್ಳಲೆಂದು ಬಿಡುವುದಿಲ್ಲ, ತನ್ನ ಕೈಯಿಂದಲೇ ಕೊಡುತ್ತಾನೆ. ಹಾಳೆಯ ಮೇಲೆ ಗೆದ್ದು ಹನ್ನೆರಡು ವರ್ಷ ಕಾಯುವವಳಿಗೆ ದೊರೆಯದಿರುವುದು ಇದೊಂದೇ.