ಕಥನದ ಹಸ್ತಪ್ರತಿ ಮತ್ತು ಸಂಪಾದಕನ ಕೈ: ರಚನೆ, ನುಡಿ, ಹಕ್ಕು

ಕನ್ನಡದಲ್ಲಿ ‘ಸಂಪಾದನೆ’ ಎಂಬ ಪದಕ್ಕೆ ದೀರ್ಘವಾದ ಚರಿತ್ರೆಯಿದೆ. ಗಳಿಕೆ ಎಂಬ ಅರ್ಥದ ಈ ಪದವು ವಿದ್ವತ್ ವಲಯದಲ್ಲಿ ಓಲೆಗರಿಗಳ ಪಾಠಾಂತರಗಳನ್ನು ತುಲನೆ ಮಾಡಿ ಪಾಠವನ್ನು ನಿರ್ಣಯಿಸುವ ಶಾಸ್ತ್ರವನ್ನು ಸೂಚಿಸುತ್ತದೆ. ಪತ್ರಿಕಾವಲಯದಲ್ಲಿ ಒಂದು ಹುದ್ದೆಯನ್ನು ಸೂಚಿಸುತ್ತದೆ. ಜಾನಪದ ಅಧ್ಯಯನದಲ್ಲಿ ಹಾಡುಗಾರರ ಬಾಯಿಂದ ಕೇಳಿದ್ದನ್ನು ಮುದ್ರಣಕ್ಕೆ ಸಜ್ಜುಗೊಳಿಸುವ ಕೆಲಸವನ್ನು ಸೂಚಿಸುತ್ತದೆ. ಇವುಗಳ ಸಾಲಿಗೆ ಸೇರುವ ನಾಲ್ಕನೆಯ ಅರ್ಥವೊಂದಿದೆ. ಬದುಕಿರುವ ಲೇಖಕನ ಅಪ್ರಕಟಿತ ಕಾದಂಬರಿಯನ್ನೋ ಕಥೆಗಳನ್ನೋ ಸಂಭಾವನೆ ಪಡೆದು ಓದಿ, ತಿದ್ದಿ, ಸಲಹೆ ನೀಡುವ ಸ್ವತಂತ್ರ ಸಂಪಾದಕನ, ಅಂದರೆ ಫ್ರೀಲಾನ್ಸ್ ಸಂಪಾದಕನ ಕೆಲಸವೇ ಅದು. ಮೊದಲ ಮೂರು ಅರ್ಥಗಳ ಬಗ್ಗೆ ಕನ್ನಡದಲ್ಲಿ ಚರ್ಚೆ ನಡೆದಿರುವಷ್ಟು ಈ ನಾಲ್ಕನೆಯದರ ಬಗ್ಗೆ ನಡೆದಿಲ್ಲ. ಲೇಖಕ ಮತ್ತು ಕಥನ ಸಂಪಾದಕರ ಸಂಬಂಧವನ್ನು ಜಾನಪದ ಸಂಪಾದನೆಯ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗ್ರಂಥ ಸಂಪಾದಕನಿಗೂ ಕಥನ ಸಂಪಾದಕನಿಗೂ ಇರುವ ವ್ಯತ್ಯಾಸವನ್ನು ಮೊದಲು ಗುರುತಿಸಿಕೊಳ್ಳಬೇಕು. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ಯಂತಹ ಕೃತಿಗಳು ರೂಪಿಸಿಕೊಟ್ಟ ಶಿಸ್ತಿನಲ್ಲಿ ಸಂಪಾದಕನು ಗತಿಸಿದ ಕವಿಯ ಪಾಠದ ಕಡೆಗೆ ಹಿಂದಕ್ಕೆ ನಡೆಯುತ್ತಾನೆ. ಆತ ಕೈಬಿಟ್ಟ ಪಾಠವೂ ಅಡಿಟಿಪ್ಪಣಿಯಲ್ಲಿ ಉಳಿಯುತ್ತದೆ. ಕಥನ ಸಂಪಾದಕನಾದರೋ ಇನ್ನೂ ಸಿದ್ಧಗೊಳ್ಳದ ಪಠ್ಯದ ಕಡೆಗೆ ಮುಂದಕ್ಕೆ ನಡೆಯುತ್ತಾನೆ. ಆತ ಕೈಬಿಟ್ಟದ್ದು ಓದುಗರ ಕಣ್ಣಿಗೆ ಬೀಳುವುದೇ ಇಲ್ಲ. ಒಬ್ಬನ ಶ್ರಮ ಪ್ರತಿ ಪುಟದಲ್ಲಿಯೂ ಕಾಣುತ್ತದೆ. ಇನ್ನೊಬ್ಬನದು ಕಾಣದಿರುವುದೇ ಆ ಕೆಲಸದ ಹೆಗ್ಗಳಿಕೆಯೆಂಬ ನಂಬಿಕೆ ಇದೆ.

ಈ ಕೆಲಸದ ಹಂತಗಳು ಸ್ಥೂಲವಾಗಿ ಹೀಗಿವೆ. ಮೊದಲನೆಯದು ರಚನೆಯ ಸಂಪಾದನೆ: ಕಥೆ ಎಲ್ಲಿ ಆರಂಭವಾಗಬೇಕು, ಯಾರ ನೋಟದಿಂದ ಸಾಗಬೇಕು, ಯಾವ ಪಾತ್ರ ಅನಗತ್ಯ ಎಂಬ ಪ್ರಶ್ನೆಗಳು ಇಲ್ಲಿ ಬರುತ್ತವೆ. ಎರಡನೆಯದು ವಾಕ್ಯ ಸಂಪಾದನೆ: ಶೈಲಿ, ಲಯ, ಪುನರುಕ್ತಿಗಳ ಪರಿಶೀಲನೆ. ಮೂರನೆಯದು ಕಾಗುಣಿತ, ಲೇಖನ ಚಿಹ್ನೆ, ಹೆಸರು ಮತ್ತು ಕಾಲಗಳ ಹೊಂದಾಣಿಕೆ. ಕರಡಚ್ಚು ತಿದ್ದುವುದು ಕೊನೆಯದು. ಕನ್ನಡದ ಸಣ್ಣ ಪ್ರಕಾಶನಗಳಲ್ಲಿ ಮೊದಲೆರಡು ಹಂತಗಳನ್ನು ಬಹುಮಟ್ಟಿಗೆ ಲೇಖಕರ ಸ್ನೇಹವಲಯವೇ ನಿರ್ವಹಿಸುತ್ತ ಬಂದಿದೆ. ಸ್ನೇಹದ ಓದಿಗೆ ಬದಲಾಗಿ ಸಂಭಾವನೆಯ ಓದು ಬಂದಾಗ ಹಕ್ಕು ಮತ್ತು ಹೊಣೆಯ ಪ್ರಶ್ನೆಗಳು ಸ್ಪಷ್ಟವಾಗಿ ಎದುರಾಗುತ್ತವೆ.

ಈ ಪ್ರಶ್ನೆಗಳು ತೀವ್ರವಾಗಿ ಎದ್ದು ನಿಂತ ನಿದರ್ಶನವೆಂದರೆ ಅಮೆರಿಕದ ಕಥೆಗಾರ ರೇಮಂಡ್ ಕಾರ್ವರ್ ಮತ್ತು ಸಂಪಾದಕ ಗಾರ್ಡನ್ ಲಿಶ್ ಅವರದು. 1981ರಲ್ಲಿ ಪ್ರಕಟವಾದ ಕಾರ್ವರ್ ಅವರ ‘ವಾಟ್ ವಿ ಟಾಕ್ ಅಬೌಟ್ ವೆನ್ ವಿ ಟಾಕ್ ಅಬೌಟ್ ಲವ್’ ಸಂಕಲನದ ಹಸ್ತಪ್ರತಿಯಲ್ಲಿ ಅರ್ಧಕ್ಕೂ ಹೆಚ್ಚಿನ ಭಾಗವನ್ನು ಲಿಶ್ ತೆಗೆದುಹಾಕಿದ್ದರು. ಶೀರ್ಷಿಕೆಗಳನ್ನು, ಮುಕ್ತಾಯಗಳನ್ನು ಬದಲಿಸಿದ್ದರು. ಪ್ರಕಟಣೆಯನ್ನು ನಿಲ್ಲಿಸಬೇಕೆಂದು ಕೋರಿ ಕಾರ್ವರ್ 1980ರ ಜುಲೈನಲ್ಲಿ ಬರೆದ ಪತ್ರ ಉಳಿದಿದೆ. ಆದರೂ ಪುಸ್ತಕ ಹೊರಬಂತು, ಅಪಾರ ಮನ್ನಣೆ ಪಡೆಯಿತು, ಅದರ ಮಿತಭಾಷೆಯನ್ನು ಕಾರ್ವರ್ ಅವರ ಶೈಲಿಯೆಂದೇ ವಿಮರ್ಶಕರು ಕೊಂಡಾಡಿದರು. 1983ರ ‘ಕೆಥೀಡ್ರಲ್’ ಸಂಕಲನದಲ್ಲಿ ಕಾರ್ವರ್ ಅವರೇ ಒಂದು ಕಥೆಯನ್ನು ಅದರ ವಿಸ್ತಾರದೊಂದಿಗೆ ಮರಳಿ ಪ್ರಕಟಿಸಿದರು. ಅವರು 1988ರಲ್ಲಿ ತೀರಿಕೊಂಡರು. ಲಿಶ್ ಅವರ ಕಾಗದಪತ್ರಗಳು ಇಂಡಿಯಾನ ವಿಶ್ವವಿದ್ಯಾಲಯದ ಲಿಲ್ಲಿ ಗ್ರಂಥಾಲಯವನ್ನು ಸೇರಿದ್ದರಿಂದ ತಿದ್ದುಪಡಿಯ ಪ್ರಮಾಣ ಸಂಶೋಧಕರಿಗೆ ತಿಳಿಯಿತು. ಮೂಲ ಹಸ್ತಪ್ರತಿ ‘ಬಿಗಿನರ್ಸ್’ ಎಂಬ ಹೆಸರಿನಲ್ಲಿ 2009ರಲ್ಲಿ ಬೆಳಕಿಗೆ ಬಂತು.

ತಿದ್ದಿದ ಪಾಠ ಚೆನ್ನಾಗಿದೆಯೋ ಮೂಲ ಚೆನ್ನಾಗಿದೆಯೋ ಎಂಬ ಚರ್ಚೆಗೆ ಕೊನೆಯಿಲ್ಲ. ಎರಡನ್ನೂ ಮೆಚ್ಚುವ ಓದುಗರಿದ್ದಾರೆ. ಇಲ್ಲಿ ಮುಖ್ಯವಾಗುವುದು ಸಮ್ಮತಿಯ ಪ್ರಶ್ನೆ. ಲಿಶ್ ಪ್ರಕಾಶನ ಸಂಸ್ಥೆಯ ಸಂಬಳದಲ್ಲಿದ್ದ ಸಂಪಾದಕರು. ಪುಸ್ತಕ ಹೊರಬರುವುದೂ ಬಾರದಿರುವುದೂ ಬಹಳಷ್ಟು ಅವರ ಕೈಯಲ್ಲಿತ್ತು. ಸ್ವತಂತ್ರ ಸಂಪಾದಕನ ಸ್ಥಾನ ಇದಕ್ಕೆ ವ್ಯತಿರಿಕ್ತವಾದುದು. ಆತನಿಗೆ ಸಂಭಾವನೆ ಕೊಡುವವನು ಲೇಖಕ, ಆದ್ದರಿಂದ ಆತನ ಪ್ರತಿ ತಿದ್ದುಪಡಿಯೂ ಒಂದು ಸಲಹೆ ಮಾತ್ರ. ಮೇಲ್ನೋಟಕ್ಕೆ ಅಧಿಕಾರವೆಲ್ಲ ಲೇಖಕನ ಕಡೆಗೆ ಸರಿದಂತೆ ಕಾಣುತ್ತದೆ. ಆದರೆ ಅಧಿಕಾರವು ಹಣದ ದಾರಿಯಲ್ಲಿ ಮಾತ್ರ ಹರಿಯುವುದಿಲ್ಲ. ‘ಶುದ್ಧ ಭಾಷೆ’ ಎಂಬ ಕಲ್ಪನೆಯ ದಾರಿಯಲ್ಲಿಯೂ ಹರಿಯುತ್ತದೆ. ತನ್ನ ನುಡಿಯ ಬಗ್ಗೆ ಅಳುಕಿರುವ ಲೇಖಕ ತಾನೇ ಹಣ ಕೊಟ್ಟು ತನ್ನ ನುಡಿಯನ್ನು ಅಳಿಸಿಕೊಳ್ಳುವ ಸಾಧ್ಯತೆ ಇಲ್ಲಿದೆ.

ಜಾನಪದ ವಿದ್ವಾಂಸೆಯೂ ಕಾದಂಬರಿಕಾರ್ತಿಯೂ ಆಗಿದ್ದ ಜೋರಾ ನೀಲ್ ಹರ್ಸ್‌ಟನ್ ಅವರ ಎರಡು ಹಸ್ತಪ್ರತಿಗಳ ಕಥೆ ಈ ದೃಷ್ಟಿಯಿಂದ ಮಹತ್ವದ್ದು. ಅಮೆರಿಕದ ದಕ್ಷಿಣ ಭಾಗದ ಕಪ್ಪು ಜನರಿಂದ ಸಂಗ್ರಹಿಸಿದ ಕಥೆಗಳ ‘ಮ್ಯೂಲ್ಸ್ ಅಂಡ್ ಮೆನ್’ 1935ರಲ್ಲಿ ಪ್ರಕಟವಾಯಿತು. ಸಾಮಾನ್ಯ ಓದುಗರಿಗೂ ರುಚಿಸುವ ಪುಸ್ತಕ ಬೇಕೆಂದು ಪ್ರಕಾಶಕರು ಬಯಸಿದಾಗ ಹರ್ಸ್‌ಟನ್ ಒಪ್ಪಿ, ಕಥೆ ಕಥೆಗಳ ನಡುವೆ ಹೇಳುಗರ ಹರಟೆ, ಜಗಳ, ನಗೆಗಳನ್ನು ಹೆಣೆದರು. ಮಾರಾಟದ ದೃಷ್ಟಿಯಿಂದ ಬಂದ ಆ ಬೇಡಿಕೆಯಿಂದಾಗಿ ಕಥೆ ಹುಟ್ಟುವ ಸಂದರ್ಭವೇ ಪುಸ್ತಕದೊಳಗೆ ಬಂದಿತು. ಪ್ರದರ್ಶನ ಸಿದ್ಧಾಂತವು ಮುಂದೆ ಕೇಳಿದ್ದು ಇಂತಹ ಸಂದರ್ಭವನ್ನೇ.

ಇದಕ್ಕೂ ಮೊದಲು, 1927–28ರಲ್ಲಿ, ಗುಲಾಮರ ಹಡಗಿನಲ್ಲಿ ಅಲಬಾಮಕ್ಕೆ ಬಂದಿಳಿದಿದ್ದ ವೃದ್ಧ ಕೊಸ್ಸೋಲ ಅವರನ್ನು ಮಾತನಾಡಿಸಿ ಹರ್ಸ್‌ಟನ್ ‘ಬರಾಕೂನ್’ ಎಂಬ ಕೃತಿ ರಚಿಸಿದ್ದರು. 1931ರಲ್ಲಿ ಅದರಲ್ಲಿ ಆಸಕ್ತಿ ತೋರಿದ ವೈಕಿಂಗ್ ಪ್ರಕಾಶನವು ಕೊಸ್ಸೋಲ ಅವರ ಆಡುಮಾತನ್ನು ಶಿಷ್ಟ ಇಂಗ್ಲಿಷಿಗೆ ಬದಲಿಸಬೇಕೆಂದು ಕೇಳಿತು. ಹರ್ಸ್‌ಟನ್ ಒಪ್ಪಲಿಲ್ಲ. ಅವರು 1960ರಲ್ಲಿ ನಿಧನರಾದರು. ಹಸ್ತಪ್ರತಿ ಹೋವರ್ಡ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಉಳಿದು, ಡೆಬೊರಾ ಪ್ಲಾಂಟ್ ಅವರ ಸಂಪಾದನೆಯಲ್ಲಿ 2018ರಲ್ಲಿ, ಆ ಆಡುಮಾತಿನಲ್ಲಿಯೇ ಪ್ರಕಟವಾಯಿತು. ರಚನೆಯ ಬಗೆಗಿನ ಬೇಡಿಕೆಯನ್ನು ಒಪ್ಪಿದ ಲೇಖಕಿ ನುಡಿಯ ಬಗೆಗಿನ ಬೇಡಿಕೆಯನ್ನು ನಿರಾಕರಿಸಿದ್ದು ಹಟಮಾರಿತನವಲ್ಲ. ಪುಸ್ತಕದ ಜೋಡಣೆ ಆಕೆಯದು, ಅದನ್ನು ಬದಲಿಸುವ ಹಕ್ಕು ಆಕೆಗಿತ್ತು. ಮಾತು ಕೊಸ್ಸೋಲ ಅವರದು. ಅದನ್ನು ಬಿಟ್ಟುಕೊಡುವ ಹಕ್ಕು ಆಕೆಗೂ ಇರಲಿಲ್ಲ.

ರಚನೆಯನ್ನು ಮರುಜೋಡಿಸುವ ಸಂಪಾದನೆ ಕನ್ನಡಕ್ಕೆ ಹೊಸದಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ರೂಪಿಸಿದ ‘ಶೂನ್ಯಸಂಪಾದನೆ’ಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣಾರ್ಯ ಮತ್ತೆ ಮತ್ತೆ ಪರಿಷ್ಕರಿಸಿದರು. ಬಿಡಿ ವಚನಗಳು ಸಂವಾದಗಳಾದವು, ಸಂವಾದಗಳು ಕಥನವಾದವು. ಅನುಕ್ರಮವನ್ನು ಅವರು ತಮ್ಮ ದರ್ಶನಕ್ಕೆ ತಕ್ಕಂತೆ ಕಟ್ಟಿಕೊಂಡರೂ ವಚನಗಳ ಅಂಕಿತಗಳು ಉಳಿದವು. ಯಾರ ಮಾತು ಯಾರದೆಂಬ ಗುರುತನ್ನು ಅಳಿಸದೆ ಹೊಸ ಕಥನ ಕಟ್ಟಬಹುದೆಂಬುದಕ್ಕೆ ಇದು ನಮ್ಮಲ್ಲಿಯ ಹಿರಿಯ ನಿದರ್ಶನ.

ನುಡಿಯನ್ನು ‘ಸರಿಪಡಿಸುವ’ ಉತ್ಸಾಹದ ಅಪಾಯವನ್ನು ಒಂದು ಸಣ್ಣ ಉದಾಹರಣೆಯಿಂದ ತೋರಿಸಬಹುದು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಬಂದಾನ’ ಎಂದರೆ ಬಂದಿದ್ದಾನೆ ಎಂದರ್ಥ. ಕೊನೆಯ ಸ್ವರ ಬಿದ್ದುಹೋಗಿದೆಯೆಂದು ಭಾವಿಸಿ ಸಂಪಾದಕನು ಅದನ್ನು ‘ಬಂದಾನು’ ಎಂದು ತಿದ್ದಿದರೆ ನಡೆದುಹೋದ ಸಂಗತಿ ಬರಿಯ ಸಂಭಾವ್ಯತೆಯಾಗುತ್ತದೆ. ಬಾಗಿಲಲ್ಲಿ ನಿಂತವನು ಇನ್ನೂ ಬರಬೇಕಾದವನಾಗುತ್ತಾನೆ. ಪುನರುಕ್ತಿಯ ವಿಷಯವೂ ಇಂತಹುದೇ. ಕಥೆ ಹೇಳುವ ಅಜ್ಜಿ ‘ಹೋದ, ಹೋದ, ಹೋದ’ ಎನ್ನುವಾಗ ಆ ಮೂರು ಮಾತು ದಾರಿಯ ಉದ್ದವನ್ನು ಅಳೆಯುತ್ತವೆ. ಅದನ್ನು ಒಮ್ಮೆ ‘ಹೋದ’ ಎಂದಿಟ್ಟರೆ ವಾಕ್ಯ ಬಿಗಿಯಾದೀತು, ದಾರಿ ಮಾತ್ರ ಕುಗ್ಗುತ್ತದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984) ಆಡುನುಡಿಯನ್ನು ಸಂಭಾಷಣೆಗೆ ಸೀಮಿತಗೊಳಿಸದೆ ನಿರೂಪಣೆಯ ಒಳಕ್ಕೇ ತಂದಿತು. ಓದು ಕಷ್ಟವೆಂಬ ಮಾತು ಅಂದು ಕೇಳಿಬಂದಿತ್ತು. ಆ ಕಷ್ಟವನ್ನು ಹಸ್ತಪ್ರತಿಯಲ್ಲಿಯೇ ನಿವಾರಿಸಿದ್ದರೆ ಕನ್ನಡ ಗದ್ಯದ ಒಂದು ಸಾಧ್ಯತೆಯೇ ಇಲ್ಲವಾಗುತ್ತಿತ್ತು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಪಡೆದದ್ದು ಆ ನುಡಿಯೊಂದಿಗೇ ಇದ್ದ ಕೃತಿ.

ಹಾಗೆಂದು ಆಡುನುಡಿಯ ಹೆಸರಿನಲ್ಲಿ ಎಲ್ಲ ಸಡಿಲತೆಯನ್ನೂ ಸಮರ್ಥಿಸಲಾಗದು. ಲೇಖಕನ ಅಜಾಗರೂಕತೆಯೂ ಆಡುನುಡಿಯ ನಿಯಮವೂ ಬೇರೆ ಬೇರೆ. ಒಂದೇ ಪಾತ್ರ ಒಂದು ಪುಟದಲ್ಲಿ ಧಾರವಾಡದ, ಮತ್ತೊಂದು ಪುಟದಲ್ಲಿ ಮಂಡ್ಯದ ಮಾತಾಡಿದರೆ ಅದನ್ನು ಎತ್ತಿ ತೋರಿಸುವುದು ಸಂಪಾದಕನ ಕರ್ತವ್ಯ. ಇದಕ್ಕೆ ಬೇಕಾದುದು ಆ ನುಡಿಯ ಒಳವ್ಯಾಕರಣದ ಪರಿಚಯ. ಆ ಪರಿಚಯವಿಲ್ಲದಲ್ಲಿ ತಿದ್ದುವುದಕ್ಕಿಂತ ಅಂಚಿನಲ್ಲಿ ಪ್ರಶ್ನೆ ಬರೆಯುವುದು ಲೇಸು.

ಪ್ರಶ್ನೆ ಕೇಳುವ ಈ ಕ್ರಮಕ್ಕೆ ಜನಪದ ಕಥನದಲ್ಲಿ ಮಾದರಿಯಿದೆ. ಕಥೆ ಹೇಳುವವರ ಮುಂದೆ ಹೂಂಗುಟ್ಟುವವರು ಇರಲೇಬೇಕು. ಹೂಂಗುಟ್ಟು ನಿಂತರೆ ಕಥೆಯೂ ನಿಲ್ಲುತ್ತದೆ. ‘ಆಮೇಲೆ?’ ಎಂಬ ಪ್ರಶ್ನೆಗೆ ಹೇಳುಗರು ವಿವರ ಸೇರಿಸುತ್ತಾರೆ, ಕೇಳುಗರು ಆಕಳಿಸಿದರೆ ಹಿಗ್ಗಿಸಿದ್ದನ್ನು ಮೊಟಕುಗೊಳಿಸುತ್ತಾರೆ. ಕಥೆ ಇಬ್ಬರ ನಡುವೆ ರೂಪುಗೊಂಡರೂ ಹೂಂಗುಟ್ಟುವವರು ಕಥೆಯನ್ನು ತಾವೇ ಹೇಳತೊಡಗುವುದಿಲ್ಲ. ಒಳ್ಳೆಯ ಕಥನ ಸಂಪಾದಕನ ಸ್ಥಾನ ಇದೇ.

ಈ ಕೆಲಸದ ದಾಖಲೆಯ ಪ್ರಶ್ನೆ ಉಳಿಯುತ್ತದೆ. ಲೌರಿ ಹೊಂಕೊ ಅವರು ಚಿನ್ನಪ್ಪ ಗೌಡ, ವಿವೇಕ ರೈ ಮೊದಲಾದವರೊಂದಿಗೆ 1998ರಲ್ಲಿ ಹೊರತಂದ ತುಳುವಿನ ಸಿರಿ ಮಹಾಕಾವ್ಯ 15,683 ಸಾಲುಗಳದು. ಶೀರ್ಷಿಕೆಯಲ್ಲಿಯೇ ಹಾಡುಗಾರ ಗೋಪಾಲ ನಾಯ್ಕರ ಹೆಸರಿದೆ. ಮೌಖಿಕ ಕಾವ್ಯ ಲಿಖಿತ ಪಠ್ಯವಾದ ಬಗೆಯನ್ನು ವಿವರಿಸಲು ಪ್ರತ್ಯೇಕ ಸಂಪುಟವೇ ಇದೆ. ಕಾದಂಬರಿಗೆ ಅಷ್ಟು ಬೇಕಿಲ್ಲ. ಆದರೆ ಮೊದಲ ಹಸ್ತಪ್ರತಿ, ತಿದ್ದಿದ ಪ್ರತಿ, ಸಂಪಾದಕನ ಟಿಪ್ಪಣಿಗಳು ಮೂರೂ ಉಳಿಯಬೇಕು. ಗಣಕಯಂತ್ರದಲ್ಲಿ ಹಳೆಯ ಕಡತದ ಮೇಲೆಯೇ ಹೊಸದನ್ನು ಉಳಿಸಿದರೆ ಹಳೆಯದು ಗುರುತಿಲ್ಲದೆ ಅಳಿಯುತ್ತದೆ. ಇಂತಹ ಪ್ರತಿಗಳನ್ನು ಕಾಯ್ದಿಡುವ ಹೊಣೆ ಗ್ರಂಥಾಲಯಗಳದೂ ಆಗಿದೆ.

ಮೌಖಿಕ ಪರಂಪರೆಯ ಸಮುದಾಯಗಳಿಂದ ಮೊದಲ ತಲೆಮಾರಿನ ಲೇಖಕರು ಬರುತ್ತಿರುವ ಸಂದರ್ಭದಲ್ಲಿ ಈ ವಿವೇಕ ಇನ್ನೂ ಅಗತ್ಯ. ಕಥೆ ಎಲ್ಲಿ ಆರಂಭವಾಗಬೇಕೆಂಬುದನ್ನು ಸಂಪಾದಕನೊಡನೆ ಕುಳಿತು ಚರ್ಚಿಸಬಹುದು. ಅಧ್ಯಾಯಗಳನ್ನು ಕಳಚಿ ಜೋಡಿಸಬಹುದು. ಪಾತ್ರ ಯಾವ ನುಡಿಯಲ್ಲಿ ಮಾತಾಡಬೇಕೆಂಬುದು ಮಾತ್ರ ಆ ನುಡಿಯನ್ನು ಬದುಕಿದವರ ತೀರ್ಮಾನಕ್ಕೆ ಬಿಟ್ಟದ್ದು. ಈ ಗಡಿಯನ್ನು ಕೆಲಸದ ಆರಂಭದಲ್ಲಿಯೇ ಇಬ್ಬರೂ ಬರೆದು ಒಪ್ಪಿಕೊಳ್ಳುವುದು ಕೃತಿಗೂ, ಆ ನುಡಿಯನ್ನಾಡುವ ಜನರಿಗೂ ಹಿತಕರ.