ಕರೆಸಿಕೊಳ್ಳುವವರ ಕಥೆ

ನಾರಾಯಣಪುರದಿಂದ ಸುರಪುರದವರೆಗಿನ ಸೀಮೆಯಲ್ಲಿ ದುಡಿಯಲು ಊರು ಬಿಡುವುದಕ್ಕೆ ಎರಡು ಮಾತುಗಳಿವೆ. ಒಂದು ಗುಳೆ. ಬೆಂಗಳೂರು, ಪುಣೆ, ಮುಂಬೈ ಕಡೆ ಕಟ್ಟಡದ ಕೆಲಸಕ್ಕೆ ಹೊರಟವರು ಹೆಂಡತಿ ಮಕ್ಕಳು, ಪಾತ್ರೆ ಪಗಡೆ ಸಮೇತ ಬಸ್ಸು ಹತ್ತುತ್ತಾರೆ. ಗುಳೆ ಒಬ್ಬನ ಪಯಣವಲ್ಲ, ಮನೆಯೇ ಎದ್ದು ಹೋಗುವುದು. ಇನ್ನೊಂದು ಮಾತು ನಮ್ಮ ಮನೆಗಳ ದಖ್ಖನಿಯಲ್ಲಿ ಕೇಳುವ ‘ಬುಲಾ ಲೇನಾ’. ಸೌದಿಗೋ ದುಬೈಗೋ ಹೋಗುವವನು ಮೊದಲು ಒಬ್ಬನೇ ಹೋಗುತ್ತಾನೆ. ಆಮೇಲೆ ನಸೀಬು ಇದ್ದರೆ ಮನೆಯವರನ್ನು ಕರೆಸಿಕೊಳ್ಳುತ್ತಾನೆ. ‘ಬುಲಾ ಲಿಯಾ’ ಎಂದು ನೆರೆಯವರು ಸುದ್ದಿ ಹೇಳುವ ದನಿಯಲ್ಲಿ ಸಂತೋಷದ ಜೊತೆ ಒಂದು ಚೂರು ಹೊಟ್ಟೆಕಿಚ್ಚೂ ಇರುತ್ತದೆ. ನಮ್ಮ ಹಿರಿಯರಿಗೆ ‘ಬುಲಾವಾ’ ಎಂದರೆ ಒಂದೋ ಹಜ್‌ಗೆ ಬಂದ ಕರೆ, ಇಲ್ಲವೇ ಸಾವಿನ ಕರೆ. ಗಲ್ಫ್ ಈ ಮಾತಿಗೆ ಮೂರನೆಯ ಅರ್ಥ ಕೊಟ್ಟಿತು.

ಆ ಮೂರನೆಯ ಅರ್ಥ ನಮ್ಮ ಕಥೆಗಳಿಗೆ ಸರಿಯಾಗಿ ಇಳಿದಿಲ್ಲ ಎಂಬುದು ನನ್ನ ತಕರಾರು.

ಕರಾವಳಿಯ ಕಥೆಗಳಲ್ಲಿ ಗಲ್ಫ್ ಬಂದಿಲ್ಲವೆಂದಲ್ಲ. ಹೊಸ ಮನೆ, ಮದುವೆಯ ಚಿನ್ನ, ಅತ್ತರಿನ ಪರಿಮಳ, ಕಾಯುವ ಹೆಂಡತಿ, ಇವೆಲ್ಲ ಬಂದಿವೆ. ಆದರೆ ಅವು ಬಂದ ರೂಪ ಕಾಗದದ ರೂಪ. 1986ರ ‘ನಾಮ್’ ಚಿತ್ರದಲ್ಲಿ ಪಂಕಜ್ ಉಧಾಸ್ ಹಾಡಿದ ಆ ಕಾಗದದ ಹಾಡು ಕೇಳಿ ಅಳದ ಗಲ್ಫ್ ಮನೆ ಇರಲಿಲ್ಲ. ಮಲಯಾಳಂ ಮಾಪಿಳ್ಳೆಗಳಲ್ಲಿ ಎಸ್.ಎ. ಜಮೀಲ್ ಅವರ ದುಬೈ ಕತ್ತುಪಾಟ್ಟು ಕ್ಯಾಸೆಟ್ಟಿನಲ್ಲಿ ಮನೆ ಮನೆ ಸುತ್ತಿತು. ಕಾಗದ ಅಗಲಿಕೆಯನ್ನು ಸೊಗಸಾಗಿ ಹೇಳುತ್ತದೆ. ಆದರೆ ಅಗಲಿಕೆಯನ್ನು ಬರೀ ಎದೆಯ ಸಂಗತಿ ಮಾಡಿಬಿಡುತ್ತದೆ. ಇವನೇಕೆ ಕರೆಸಿಕೊಳ್ಳಲಿಲ್ಲ ಎಂಬ ಪ್ರಶ್ನೆಗೆ ಓದುಗನ ಬಳಿ ಉಳಿಯುವ ಉತ್ತರಗಳು ಎರಡೇ: ಒಂದೋ ಗಂಡ ಕಲ್ಲೆದೆಯವನು, ಅಥವಾ ಅದು ವಿಧಿ.

ನಾರಾಯಣಪುರದ ಅಣೆಕಟ್ಟು ಮುಗಿದ 1982ರಲ್ಲೇ ಸಾಗರ್ ಸರ್ಹದಿಯವರ ‘ಬಜಾರ್’ ಬಂತು. ಗಲ್ಫಿನಲ್ಲಿ ದುಡ್ಡು ಮಾಡಿದವನಿಗೆ ಹೈದರಾಬಾದಿನ ಬಡವರ ಮಗಳನ್ನು ಕೊಂಡುಕೊಡುವ ಕಥೆ ಅದು. ಹೈದರಾಬಾದನ್ನೇ ದೊಡ್ಡ ಪಟ್ಟಣವೆಂದು ತಿಳಿದ ನಮ್ಮ ಸೀಮೆಯವರಿಗೆ ಅದು ಪಕ್ಕದ ಓಣಿಯ ಕಥೆ. ಚಿತ್ರದ ಸಿಟ್ಟು ನಿಜವಾದ ಸಿಟ್ಟು. ಆದರೂ ಗಲ್ಫಿನವನು ಅಲ್ಲಿ ಕೊಳ್ಳುವವನು ಮಾತ್ರ. ಅವನ ಹಾಗೆ ಹೋಗಿ ಎಂಟು ಜನರ ಕೋಣೆಯಲ್ಲಿ ಮಲಗುವ ಸಾವಿರಾರು ಜನ ಯಾರನ್ನೂ ಕೊಳ್ಳಲಾರರು, ಇದ್ದವರನ್ನು ಕರೆಸಿಕೊಳ್ಳಲೂ ಆರರು. 2015ರ ಮಲಯಾಳಂ ಚಿತ್ರ ‘ಪತ್ತೇಮಾರಿ’ಯಲ್ಲಿ ಸಲೀಂ ಅಹ್ಮದ್ ಇಂಥವನನ್ನೇ ನಾಯಕ ಮಾಡಿದರು. ಮಮ್ಮುಟ್ಟಿಯ ನಾರಾಯಣನ್ ಜೀವಮಾನವಿಡೀ ಅಲ್ಲಿ ದುಡಿದು, ಊರಲ್ಲಿ ಮನೆ ಕಟ್ಟಿಸಿ, ಅದರಲ್ಲಿ ಬಾಳದೆ ಅಲ್ಲೇ ತೀರಿಕೊಳ್ಳುತ್ತಾನೆ. ಒಳ್ಳೆಯ ಚಿತ್ರ. ಆದರೆ ಅವನನ್ನು ತ್ಯಾಗಮೂರ್ತಿಯಾಗಿ ನಿಲ್ಲಿಸುವ ಅವಸರದಲ್ಲಿ ಒಂದು ಲೆಕ್ಕ ತಪ್ಪಿಹೋಗಿದೆ. ಬೆನ್ಯಾಮಿನ್ ಅವರ ‘ಆಡುಜೀವಿತಂ’ (2008) ಬೇರೆ ತರಹದ್ದು. ಮರಳುಗಾಡಿನ ಗುಲಾಮಗಿರಿಯ ಆ ಕಥೆ 2024ರಲ್ಲಿ ಬ್ಲೆಸ್ಸಿಯ ಸಿನಿಮಾ ಆಗಿ ಇನ್ನೂ ದೂರ ಹೋಯಿತು. ಅಂಥ ಘೋರ ಕಷ್ಟದ ಮುಂದೆ ಸಾಧಾರಣ ಕಷ್ಟ ಹೇಳಿಕೊಳ್ಳಲು ನಾಚುತ್ತದೆ.

ಆ ಲೆಕ್ಕ ಏನೆಂದರೆ, ಕರೆಸಿಕೊಳ್ಳುವ ಹಕ್ಕು ಗಂಡನ ಪ್ರೀತಿಗೆ ಸಿಗುವುದಲ್ಲ, ಸಂಬಳಕ್ಕೆ ಮತ್ತು ಇಕಾಮಾದಲ್ಲಿ ಬರೆದ ಉದ್ಯೋಗದ ಹೆಸರಿಗೆ ಸಿಗುವುದು. 2019ರಲ್ಲಿ ಎಮಿರೇಟ್ಸ್ ಉದ್ಯೋಗದ ಹೆಸರನ್ನು ಬಿಟ್ಟು ಸಂಬಳವನ್ನಷ್ಟೇ ನೋಡತೊಡಗಿತು: 4000 ದಿರ್ಹಂ, ಇಲ್ಲವೇ 3000 ಮತ್ತು ವಸತಿ. ಕುವೈತ್ 2024ರ ಜನವರಿಯಲ್ಲಿ ಕುಟುಂಬ ವೀಸಾ ಮತ್ತೆ ತೆರೆದಾಗ 800 ದಿನಾರ್ ಸಂಬಳ ಮತ್ತು ಪದವಿ ಕೇಳಿತು. ಸೌದಿಯಲ್ಲಿ ಇಕಾಮಾದ ಮೇಲೆ ‘ಆಮಿಲ್’ ಎಂದಿದ್ದವನ ಪಾಲಿಗೆ ಆ ಬಾಗಿಲು ಮುಚ್ಚಿದ್ದೇ. ಉರ್ದು ಓದಿದವರಿಗೆ ಇಲ್ಲಿ ನಗು ಬರಬೇಕು, ಬರುವುದಿಲ್ಲ. ನಮ್ಮೂರ ಕಡೆ ಆಮಿಲ್ ಎಂದರೆ ತಾವೀಜು ಬರೆದುಕೊಡುವವನು, ದೂರ ಹೋದ ಗಂಡನನ್ನು ಮರಳಿ ತರಿಸುತ್ತೇನೆನ್ನುವವನು. ಅರಬ್ಬಿಯಲ್ಲಿ ಅದೇ ಶಬ್ದ ಕೂಲಿಯವನಿಗೆ. ಇಲ್ಲಿ ಹೆಂಡತಿ ಒಬ್ಬ ಆಮಿಲನ ಬಾಗಿಲಲ್ಲಿ ಕೂತಿದ್ದಾಳೆ, ಅಲ್ಲಿ ಗಂಡ ತಾನೇ ಆಮಿಲ್ ಆಗಿರುವುದರಿಂದ ಅವಳನ್ನು ಕರೆಸಿಕೊಳ್ಳಲಾರ. ಕಫೀಲನನ್ನು ಬೇಡಿ, ಹಣ ತೆತ್ತು ಆ ಒಂದು ಶಬ್ದವನ್ನು ಬದಲಿಸಿಕೊಳ್ಳಲು ಪಡುವ ಪಾಡಿನಲ್ಲಿ ಎಷ್ಟು ಕಥೆಗಳಿವೆ! ಒಂದನ್ನೂ ಕನ್ನಡದಲ್ಲಿ ನಾನು ಓದಿಲ್ಲ.

ಇನ್ನು ಬಾಗಿಲು ತೆರೆದವರ ಕಥೆ. ನಮ್ಮ ಕಥೆಗಾರರು ಹೆಂಡತಿಯನ್ನು ವಿಮಾನ ಹತ್ತಿಸಿ ಕಥೆ ಮುಗಿಸುತ್ತಾರೆ, ಹಳೆಯ ಸಿನಿಮಾಗಳು ಮದುವೆಗೆ ಮುಗಿದ ಹಾಗೆ. ಅವಳ ವಾಸದ ಪರವಾನಗಿ ಗಂಡನ ಇಕಾಮಾಕ್ಕೆ ಗಂಟು ಹಾಕಿದ್ದು. ಅವನ ಕೆಲಸ ಹೋದರೆ ಅವಳ ವಾಸವೂ ಹೋಯಿತು. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯ ಅಶ್ರಫ್ ನ್ಯಾಯ ಕೇಳಿ ಮಕ್ಕಳೊಂದಿಗೆ ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ. ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಹುಟ್ಟಿದ್ದು ಅದರಿಂದಲೇ. ಮುತವಲ್ಲಿ ಕೇಳದಿದ್ದರೂ ಕೂರಲು ಅಲ್ಲೊಂದು ಅಂಗಳವಿದೆ, ನೋಡಲು ಜಮಾಅತ್ ಇದೆ. ಜಿದ್ದಾದ ಮೂರನೆಯ ಮಹಡಿಯ ಎರಡು ಕೋಣೆಯಲ್ಲಿರುವ ಅಶ್ರಫ್ ಎಲ್ಲಿ ಕೂರಬೇಕು? 2025ರಲ್ಲಿ ಬಾನು ಅವರ ಕಥೆಗಳಿಗೆ ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹಿಗ್ಗಿದೆವು. ಆ ಕಥೆಗಳನ್ನು ಮುಂದಕ್ಕೆ ಒಯ್ಯುವುದೆಂದರೆ ಇಂಥ ಪ್ರಶ್ನೆ ಕೇಳುವುದು. ಅದೇ ಮಹಡಿಯಲ್ಲಿ ಅವಳಿಗೆ ಸಿಕ್ಕ ಸುಖವನ್ನೂ ಬರೆಯಬೇಕು. ಅತ್ತೆ, ನಾದಿನಿಯರ ಕಣ್ಣಳತೆಯಿಲ್ಲದ ಅಡುಗೆಮನೆ, ಮನಸ್ಸಾದಾಗ ಉಮ್ರಾ, ರಾತ್ರಿ ಗಂಡನ ಜೊತೆ ಒಂದು ಸುತ್ತು. ಸಂಕಟವನ್ನಷ್ಟೇ ಬರೆದರೆ ಅದೂ ಒಂದು ಬಗೆಯ ಸುಳ್ಳು.

ಸೌದಿ ಸರ್ಕಾರ 2017ರ ಜುಲೈಯಲ್ಲಿ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷಕ್ಕೆ ನೂರರಂತೆ ಏರಿ 2020ರ ಜುಲೈಗೆ ಅದು 400 ಆಯಿತು. ಹೆಂಡತಿ ಮತ್ತು ಮೂರು ಮಕ್ಕಳಿದ್ದವನಿಗೆ ತಿಂಗಳಿಗೆ 1600 ರಿಯಾಲ್. ಕರೆಸಿಕೊಂಡವರು ಮನೆಯವರನ್ನು ತಿರುಗಿ ಕಳಿಸತೊಡಗಿದರು. ಅಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಸಿಬಿಎಸ್‌ಇ ಓದಿದ, ಕನ್ನಡ ಅಕ್ಷರ ಗೊತ್ತಿಲ್ಲದ ಹುಡುಗ ಹುಣಸಗಿಯಲ್ಲೋ ಸುರಪುರದಲ್ಲೋ ಬಂದಿಳಿಯುತ್ತಾನೆ. ಅಬ್ಬಾ ಮತ್ತೆ ಎಂಟು ಜನರ ಕೋಣೆಗೆ ಹೋಗುತ್ತಾನೆ. ನನಗೆ ಮೊದಲ ಅಗಲಿಕೆಗಿಂತ ಈ ಎರಡನೆಯದೇ ದೊಡ್ಡದಾಗಿ ಕಾಣುತ್ತದೆ. ಮೊದಲನೆಯದರಲ್ಲಿ ಒಟ್ಟಿಗೆ ಇರುವುದೆಂದರೇನೆಂದು ಗೊತ್ತಿರಲಿಲ್ಲ.

ಅಮ್ಮಂದಿರ ಮಾತು ಬೇರೆ. ಅವರಿಗೆ ವಿಸಿಟ್ ವೀಸಾ. ಮಗನ ಮನೆ ಕಂಡು, ಕಾಬಾ ಕಂಡು, ಅವಧಿ ಮುಗಿದ ದಿನ ಹೊರಡಬೇಕು.

ಇಷ್ಟೆಲ್ಲ ಬರೆಯದೆ ಉಳಿದದ್ದಕ್ಕೆ ನಮ್ಮ ಭಾಗದ ಮಟ್ಟಿಗೆ ಭಾಷೆಯೂ ಕಾರಣ. ಬೊಳುವಾರು, ಕಟ್ಪಾಡಿ, ಸಾರಾ ಅಬೂಬಕ್ಕರ್ ತಮ್ಮ ಮನೆಮಾತಿನ ಜಾಡನ್ನು ಕನ್ನಡಕ್ಕೆ ತಂದರು. 1948ರವರೆಗೆ ನಿಜಾಮರ ನಾಡಾಗಿದ್ದ ಈ ಸೀಮೆಯ ಮುಸ್ಲಿಮರು ದಖ್ಖನಿಯಲ್ಲಿ ಅಳುತ್ತಾರೆ, ಬರೆಯಹೊರಟರೆ ಉರ್ದು ಮದರಸೆಯ ಶುದ್ಧ ಮಾತು ನೆನಪಾಗುತ್ತದೆ, ಕನ್ನಡ ಅರ್ಜಿಗೆ ಮೀಸಲು. ಅಫ್ಸಾನಾದ ಉರ್ದುವಿನಲ್ಲಿ ‘ಹಿಜ್ರ್’ ಎಂದ ಕೂಡಲೇ ಅಗಲಿಕೆ ಗಜಲ್ ಆಗಿಬಿಡುತ್ತದೆ. ಅಲ್ಲಿ 400 ರಿಯಾಲಿಗೆ ಜಾಗ ಇಲ್ಲ. ನನಗೆ ಬೇಕಾದ ಕಥೆ ಹಿಜ್ರ್‌ನದಲ್ಲ, ‘ಬುಲಾ ಲಿಯಾ ಕ್ಯಾ, ನಕ್ಕೋ ಬೋಲಾ ಕ್ಯಾ?’ ಎಂದು ನಲ್ಲಿಯ ಬಳಿ ಕೊಡ ಇಟ್ಟು ಕೇಳುವ ಹೆಂಗಸಿನದು. ಅವಳು ಕೇಳುತ್ತಿರುವುದು ನೆರೆಮನೆಯ ಸೊಸೆಯನ್ನು. ಆ ಸೊಸೆ ಏನೆಂದು ಉತ್ತರ ಕೊಟ್ಟಳೋ, ಅದನ್ನು ನಮ್ಮ ಯಾರಾದರೂ ಕನ್ನಡದಲ್ಲಿ ಬರೆದರೆ ಮೊದಲು ಓದುವವನು ನಾನು.